ಪರದೇಶದ ಕಟ್ಟಡ ಕೆಲಸದಲ್ಲಿ ಸ್ವಯಂಸೇವಕಿಯ ದಿನಚರಿ

ಕಳೆದ ವರ್ಷದ ಮಳೆಗಾಲದಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳ ತಂದೆಯವರು ನಮ್ಮನ್ನು ಕಾಣಲು ಬಂದರು. ಅವರ ಮಗಳು ಕಾಲೇಜಿನ ಕಡೆಯ ವರ್ಷದಲ್ಲಿ ಓದುತ್ತಿರುವಳು. ಸ್ವಿಟ್ಜರ್ಲೆಂಡಿನ ಮಲೆಸೀಮೆಯಲ್ಲಿ ಬಿದ್ದುಹೋದ ಕಲ್ಲುಗೋಡೆಗಳನ್ನು ಮರಳಿ ಕಟ್ಟುವ ಸ್ವಯಂಸೇವಕರ ಶಿಬಿರವೊಂದಕ್ಕೆ ಮೂರು ವಾರಗಳ ಮಟ್ಟಿಗೆ ಹೋಗಬೇಕೆಂದು ಅವಳು ಹಟ ಹಿಡಿದಿದ್ದಳು. ಅದಕ್ಕೆ ನಮ್ಮಿಂದ ಒಂದು ನಡತೆಯ ಪತ್ರವು ಬೇಕಾಗಿತ್ತು. ತಂದೆಯವರು ಕಾಗದವನ್ನು ಮೇಜಿನ ಮೇಲಿರಿಸಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದು, ಬಳಿಕ ಹೀಗೆಂದರು: "ಟೀಚರೇ, ನನ್ನ ತಾಯಿ ಹಂಚಿನ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಮಣ್ಣು ಹೊತ್ತರು. ನನ್ನ ತಲೆಯ ಮೇಲೆ ಬುಟ್ಟಿ ಬರಬಾರದೆಂದೇ ನನ್ನನ್ನು ಓದಿಸಿದರು. ಈಗ ನನ್ನ ಮಗಳು ಕೈಯಿಂದ ಹಣ ಹಾಕಿ, ವಿಮಾನ ಹತ್ತಿ, ಕಲ್ಲು ಹೊರುವುದಕ್ಕೆ ಹೋಗುತ್ತಾಳಂತೆ. ನಮ್ಮ ಊರಿನಲ್ಲಿ ಕಲ್ಲಿಲ್ಲವೇ? ಇದರ ಅರ್ಥವನ್ನು ನೀವಾದರೂ ಹೇಳಿ."

೨೦೦೪ನೆಯ ಇಸವಿಯಲ್ಲಿ ನಾವೂ ಅಂಥದೇ ಒಂದು ಶಿಬಿರಕ್ಕೆ ಹೋಗಿ ಬಂದವರೆಂಬುದನ್ನು ಅವರು ಬಲ್ಲರು, ಆದುದರಿಂದಲೇ ಕೇಳಿದರು. ಆ ದಿನ ನಮ್ಮಿಂದ ಸರಿಯಾದ ಉತ್ತರ ಹೊರಡಲಿಲ್ಲ. ಅವರ ಪ್ರಶ್ನೆಯು ಹಗುರವಾದುದಲ್ಲ. ಇಂಥ ಶಿಬಿರಗಳಿಗೆ ಹೋಗಲು ಅಪೇಕ್ಷಿಸುವ ನಮ್ಮ ಹಳೆಯ ವಿದ್ಯಾರ್ಥಿನಿಯರು ವರ್ಷಕ್ಕೆ ಒಬ್ಬಿಬ್ಬರಾದರೂ ಇರುವುದರಿಂದ, ಅಲ್ಲಿ ದಿನವು ಹೇಗೆ ಕಳೆಯುತ್ತದೆ, ಏನು ಕೆಲಸ, ಏನು ಊಟ, ಯಾವುದು ಲಾಭ, ಯಾವುದು ನಷ್ಟವೆಂಬುದನ್ನು ಈ ಸಂಚಿಕೆಯಲ್ಲಿ ವಿವರಿಸಿ ಬರೆಯುವುದು ಯುಕ್ತವೆಂದು ತೋರಿತು.

ಈ ಬಗೆಯ ಸೇವೆಯು ಹುಟ್ಟಿದ ರೀತಿಯನ್ನು ಮೊದಲು ಹೇಳಬೇಕು. ಪಿಯೇರ್ ಸೆರೆಸೋಲ್ ಎಂಬವರು ೧೮೭೯ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್ ಪಟ್ಟಣದಲ್ಲಿ ಹುಟ್ಟಿದರು. ತಂದೆಯವರು ಆ ದೇಶದ ಅಧ್ಯಕ್ಷಪದವಿಯನ್ನು ವಹಿಸಿದ್ದವರು. ಮಗನು ಇಂಜಿನಿಯರ್ ವಿದ್ಯೆಯನ್ನು ಕಲಿತು ಗಣಿತದ ಉಪಾಧ್ಯಾಯನಾದನು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ಸೈನ್ಯಕ್ಕೆಂದು ಕೊಡಬೇಕಾದ ತೆರಿಗೆಯನ್ನು ಕೊಡಲಾರೆನೆಂದು ಹೇಳಿ ಸೆರೆಮನೆ ಸೇರಿದನು. ಕೊಲ್ಲುವುದಕ್ಕೆ ಹೋಗಲಾರೆನೆಂದು ಹೇಳಿದವನು ಮನೆಯಲ್ಲಿ ಸುಮ್ಮನೆ ಕುಳಿತಿರಲೂ ಬಾರದೆಂಬುದು ಅವರ ಎಣಿಕೆ. ಆದುದರಿಂದ ೧೯೨೦ರ ನವಂಬರ ತಿಂಗಳಲ್ಲಿ, ಫ್ರಾನ್ಸಿನ ವೆರ್ಡನ್ ಕೋಟೆಯ ಬಳಿ ಯುದ್ಧದಿಂದ ಪೂರ್ತಿಯಾಗಿ ಹಾಳಾಗಿದ್ದ ಎಸ್ನ್ ಎಂಬ ಹಳ್ಳಿಗೆ ಬೆರಳಿನಲ್ಲಿ ಎಣಿಸುವಷ್ಟು ಸಂಗಡಿಗರೊಡನೆ ಹೋದರು. ಅವರಲ್ಲಿ ಸ್ವಿಸ್ಸರಿದ್ದರು, ಇಂಗ್ಲಿಷರಿದ್ದರು, ಎಲ್ಲಕ್ಕಿಂತ ಮುಖ್ಯವಾಗಿ ಜರ್ಮನರೂ ಇದ್ದರು. ಗುಡಿಸಲುಗಳನ್ನು ಕಟ್ಟಿದರು, ದಾರಿಗಳನ್ನು ಸರಿಪಡಿಸಿದರು, ಗುಂಡುಗಳು ಬಿದ್ದು ಗುಳಿಬಿದ್ದಿದ್ದ ಹೊಲಗಳನ್ನು ಮಟ್ಟಮಾಡಿದರು. ಇಷ್ಟಾದರೂ, ನಾಲ್ಕೈದು ತಿಂಗಳಲ್ಲಿ ಜರ್ಮನರ ಕೈಕೆಲಸಕ್ಕೆ ವಿರೋಧವುಂಟಾಗಿ, ೧೯೨೧ರ ವಸಂತಕಾಲದಲ್ಲಿ ಗುದ್ದಲಿಗಳನ್ನು ಹೆಗಲಮೇಲೆ ಹೊತ್ತು ಹಿಂದಿರುಗಬೇಕಾಯಿತು. ಅಂತರರಾಷ್ಟ್ರೀಯ ಸ್ವಯಂಸೇವೆಯ ಮೊದಲನೆಯ ಶಿಬಿರದ ಕಥೆ ಹೀಗೆ 'ಬೇಡ' ಎಂಬ ಮಾತಿನಿಂದ ಮುಗಿಯಿತೆಂಬುದನ್ನು ಉತ್ಸಾಹದ ಭರದಲ್ಲಿ ಅನೇಕರು ಹೇಳದೆ ಬಿಡುತ್ತಾರೆ. ನಮಗಾದರೋ ಅದೇ ಆ ಕಥೆಯ ಮುಖ್ಯ ಭಾಗವೆಂದು ತೋರುತ್ತದೆ.

ಸೆರೆಸೋಲರು ಎದೆಗುಂದಲಿಲ್ಲ. ೧೯೨೭ರ ಸೆಪ್ಟಂಬರದಲ್ಲಿ ರೈನ್ ನದಿಯು ದಂಡೆಯೊಡೆದು ಲಿಖ್ಟೆನ್‌ಸ್ಟೈನ್ ಎಂಬ ಪುಟ್ಟ ರಾಜ್ಯದ ಹೊಲಗಳ ಮೇಲೆ ಮರಳನ್ನೂ ಕಲ್ಲನ್ನೂ ಹರಡಿದಾಗ, ಮರುವರ್ಷ ಅನೇಕ ದೇಶಗಳ ೭೦೦ಕ್ಕೂ ಮೇಲ್ಪಟ್ಟ ಸ್ವಯಂಸೇವಕರು ಸರದಿಯಂತೆ ಬಂದು ಅದನ್ನು ತೆಗೆದರು. ಮುರಿದ ಖಡ್ಗದ ಮೇಲೆ ಒಂದು ಗುದ್ದಲಿ, ಇದೇ ಅವರ ಸಂಘದ ಗುರುತು. ಸಂಘವು ಇಂದಿಗೂ ಇದೆ. ಅದನ್ನು ನೋಡಿ ಹುಟ್ಟಿದ ಬೇರೆ ಸಂಘಗಳೂ ಹಲವಿವೆ.

ಇನ್ನು ನಮ್ಮ ಅನುಭವಕ್ಕೆ ಬರುವೆವು.

ನಾವು ಹೋದದ್ದು ಯೂರಾ ಪರ್ವತಸಾಲಿನ ಒಂದು ಹಳ್ಳಿಗೆ. ಸ್ವಿಟ್ಜರ್ಲೆಂಡೆಂದರೆ ಹಿಮದ ಶಿಖರಗಳೆಂದು ನಾವು ತಿಳಿದಿದ್ದೆವು. ಯೂರಾ ಹಾಗಲ್ಲ, ಅಲೆಯಲೆಯಾದ ಹಸುರು ಬೆಟ್ಟಗಳು, ನಡುನಡುವೆ ಒಂಟಿ ದೇವದಾರು ಮರಗಳು, ಕೊರಳಿಗೆ ದೊಡ್ಡ ಗಂಟೆ ಕಟ್ಟಿಕೊಂಡು ಮೇಯುವ ದನಗಳು. ಬಂಡೆಯೆಲ್ಲ ಬಿಳಿಯ ಸುಣ್ಣಕಲ್ಲು. ಈ ಸುಣ್ಣಕಲ್ಲಿನಲ್ಲಿ ಬಿದ್ದ ಮಳೆಯ ನೀರು ಬಿರುಕುಗಳ ಮೂಲಕ ನೆಲದೊಳಕ್ಕೆ ಇಳಿದುಹೋಗುವುದರಿಂದ ಬೆಟ್ಟದ ಮೇಲ್ಭಾಗದಲ್ಲಿ ಹಳ್ಳಕೊಳ್ಳಗಳೇ ವಿರಳ. ಹಿಂದಿನಿಂದಲೂ ಅಲ್ಲಿಯ ಜನರು ಮನೆಯ ಮಾಡಿನ ಮಳೆನೀರನ್ನು ನೆಲದೊಳಗಿನ ತೊಟ್ಟಿಗಿಳಿಸಿ ಕಾಪಾಡಿಕೊಂಡು ಬಂದಿರುವರು. ಮಳೆಯಲ್ಲಿಯೇ ಹುಟ್ಟಿ ಬೆಳೆದ ಕರಾವಳಿಯ ನಮಗೆ, ಐಶ್ವರ್ಯವಂತ ದೇಶವೊಂದರಲ್ಲಿ ನೀರನ್ನು ಚೆಂಬಿನಲ್ಲಿ ಅಳೆದು ಬಳಸಬೇಕಾಗಿ ಬಂದದ್ದು ಮೊದಲನೆಯ ಪಾಠ. ದಿನಕ್ಕೊಬ್ಬರಿಗೆ ಒಂದು ಬಕೆಟ್ಟು. ತಲೆಸ್ನಾನ ವಾರಕ್ಕೊಂದು ಸಲ.

ನಮ್ಮ ತಂಡದಲ್ಲಿ ಹದಿನಾಲ್ಕು ಜನ. ಪೋಲೆಂಡಿನವರು, ಇಟಲಿಯವರು, ಜರ್ಮನಿಯವರು, ಕೊರಿಯಾದಿಂದ ಇಬ್ಬರು, ಭಾರತದಿಂದ ನಾವೊಬ್ಬರೇ. ಗಂಡಸರಿಗೊಂದು, ಹೆಂಗಸರಿಗೊಂದು ಹೀಗೆ ಎರಡು ಕೊಠಡಿಗಳಿದ್ದ ಹಳೆಯ ಗೋಪಾಲಕರ ಮನೆಯೊಂದು ನಮ್ಮ ಬಿಡಾರ. ನೆಲದ ಮೇಲೆ ಹಾಸಿಗೆ. ಗೋಡೆಯ ಆಚೆ ದನದ ಕೊಟ್ಟಿಗೆ. ರಾತ್ರಿಯೆಲ್ಲ ಗಂಟೆಗಳ ಸದ್ದು. ಮೊದಲೆರಡು ದಿನ ನಿದ್ದೆ ಬಾರದೆ ತೊಳಲಿದೆವು. ಮೂರನೆಯ ದಿನದ ಕೆಲಸವಾದ ಮೇಲೆ ಗಂಟೆಯಲ್ಲ, ಗುಡುಗಿದ್ದರೂ ಎಚ್ಚರವಾಗುತ್ತಿರಲಿಲ್ಲ.

ಬೆಳಗ್ಗೆ ಆರೂವರೆಗೆ ಏಳುವುದು. ರೊಟ್ಟಿ, ಬೆಣ್ಣೆ, ಹಣ್ಣಿನ ಪಾಕ, ಗಿಣ್ಣು, ಒಂದು ಬಟ್ಟಲು ಕಾಫಿ. ಏಳೂವರೆಗೆ ಸಲಕರಣೆಗಳನ್ನು ಹೊತ್ತು ಅರ್ಧ ತಾಸು ಬೆಟ್ಟ ಹತ್ತಿ ಗೋಡೆಯ ಬಳಿಗೆ ಹೋಗುವುದು. ಅಲ್ಲಿ ಮೇಸ್ತ್ರಿ ನಮಗಿಂತ ಮೊದಲೇ ಬಂದಿರುತ್ತಿದ್ದನು. ಅವನಿಗೆ ಫ್ರೆಂಚ್ ಹೊರತು ಬೇರೆ ಮಾತು ಬಾರದು. ನಮ್ಮಲ್ಲಿ ಅರ್ಧಕ್ಕರ್ಧ ಜನರಿಗೆ ಫ್ರೆಂಚ್ ಬಾರದು. ಆದರೂ ಕಲ್ಲಿನ ಕೆಲಸದಲ್ಲಿ ಮಾತಿನ ಬಡತನವು ಅಷ್ಟಾಗಿ ಬಾಧಿಸಲಿಲ್ಲ. ಅವನು ಕಲ್ಲನ್ನು ಎತ್ತಿ ತಿರುಗಿಸಿ ತೋರಿಸುವನು, ಇಡುವನು, ಕೈಯಿಂದ ಅಲುಗಿಸಿ ನೋಡುವನು; ಅಲುಗದಿದ್ದರೆ ತಲೆಯಾಡಿಸುವನು. ಅದೇ ಪಾಠ, ಅದೇ ಪರೀಕ್ಷೆ.

ಈ ಗೋಡೆಗಳ ಸಂಗತಿಯನ್ನು ಸ್ವಲ್ಪ ವಿಸ್ತರಿಸುವೆವು, ವಾಚಕರು ಬೇಸರಪಡಬಾರದು. ಇವುಗಳಿಗೆ ಗಾರೆಯಿಲ್ಲ, ಸಿಮೆಂಟಿಲ್ಲ, ಮಣ್ಣೂ ಇಲ್ಲ. ಕಲ್ಲಿನ ಮೇಲೆ ಕಲ್ಲು ಅಷ್ಟೇ. ಹಿಂದಿನ ಕಾಲದ ರೈತರು ಹುಲ್ಲುಗಾವಲಿನಿಂದ ಆಯ್ದ ಕಲ್ಲುಗಳನ್ನೇ ಗಡಿಗೆ ಗೋಡೆಯಾಗಿ ಕಟ್ಟಿದರು. ಗದ್ದೆ ಹಸನಾಯಿತು, ದನಕ್ಕೆ ಬೇಲಿಯೂ ಆಯಿತು. ಗಾರೆಯಿಲ್ಲದಿರುವುದು ಬಡತನದ ಗುರುತೆಂದು ನಾವು ಎಣಿಸಿದ್ದೆವು. ಹಾಗಲ್ಲ. ಚಳಿಗಾಲದಲ್ಲಿ ಗೋಡೆಯೊಳಗೆ ನಿಂತ ನೀರು ಮಂಜುಗಡ್ಡೆಯಾಗಿ ಉಬ್ಬಿದರೆ ಗಾರೆಯ ಗೋಡೆಯು ಸೀಳಿಹೋಗುವುದು; ಈ ಗೋಡೆಯಲ್ಲಾದರೋ ನೀರು ಸಂದುಗಳಿಂದ ಹರಿದುಹೋಗುವುದು, ನೆಲವು ಸ್ವಲ್ಪ ಅಲುಗಿದರೆ ಕಲ್ಲುಗಳೂ ಅದರೊಡನೆ ಸ್ವಲ್ಪ ಸರಿದು ಕುಳಿತುಕೊಳ್ಳುವುವು. ಸಂದುಗಳಲ್ಲಿ ಹಲ್ಲಿಗಳು, ಜರಿಗಿಡಗಳು, ಸಣ್ಣ ಪ್ರಾಣಿಗಳು ವಾಸಿಸುವುವು. ಮುಳ್ಳುತಂತಿಯು ಅಗ್ಗವಾದ ಮೇಲೆ ಗೋಡೆಗಳನ್ನು ನೋಡಿಕೊಳ್ಳುವವರಿಲ್ಲದೆ ಮೈಲುಗಟ್ಟಲೆ ಬಿದ್ದುಹೋದವು. ೨೦೧೮ರಲ್ಲಿ ಯುನೆಸ್ಕೋ ಸಂಸ್ಥೆಯು ಸ್ವಿಟ್ಜರ್ಲೆಂಡು ಮೊದಲಾದ ಎಂಟು ದೇಶಗಳ ಈ ಕಲೆಯನ್ನು ಮಾನವಕುಲದ ಪರಂಪರೆಯ ಪಟ್ಟಿಯಲ್ಲಿ ಸೇರಿಸಿತು; ನಾವು ಹೋದಾಗ ಅಂಥ ಗೌರವವೇನೂ ಇರಲಿಲ್ಲ, ಬಿದ್ದ ಕಲ್ಲಿನ ರಾಶಿ ಮಾತ್ರ ಇತ್ತು.

ಕಟ್ಟುವುದಕ್ಕೆ ಮೊದಲು ಬಿದ್ದದ್ದನ್ನು ಪೂರ್ತಿಯಾಗಿ ಬಿಚ್ಚಬೇಕು. ಅದೇ ಮೂರು ದಿನ ಹಿಡಿಯಿತು. ಬುಡಕ್ಕೆ ಬೇಕಾದ ದೊಡ್ಡ ಕಲ್ಲುಗಳನ್ನು ಒಂದು ಕಡೆ, ಮುಖಕ್ಕೆ ಬೇಕಾದವನ್ನು ಇನ್ನೊಂದು ಕಡೆ, ಒಳಗೆ ತುಂಬುವ ಸಣ್ಣವನ್ನು ಮತ್ತೊಂದು ಕಡೆ, ತಲೆಯ ಮೇಲೆ ಹೊದಿಸುವ ಚಪ್ಪಟೆಯವನ್ನು ಬೇರೆಯಾಗಿ ಸಾಲುಸಾಲಾಗಿ ಇಡಬೇಕು. ಒಂದು ಮೀಟರ್ ಎತ್ತರದ ಗೋಡೆಗೆ, ಒಂದು ಮೀಟರ್ ಉದ್ದಕ್ಕೆ ಒಂದು ಟನ್ನಿಗೂ ಮಿಕ್ಕಿ ಕಲ್ಲು ಬೇಕಾಗುತ್ತದೆ. ಪ್ರತಿಯೊಂದು ಕಲ್ಲನ್ನೂ ಬಿಚ್ಚುವಾಗೊಮ್ಮೆ, ಕಟ್ಟುವಾಗೊಮ್ಮೆ, ಹೀಗೆ ಎರಡು ಸಲವಾದರೂ ಎತ್ತಬೇಕು. ಹಾರೆಯಿಂದ ಮೀಟಬೇಕು, ಬೆನ್ನು ಬಗ್ಗಿಸದೆ ಮೊಣಕಾಲು ಮಡಿಸಿ ಎತ್ತಬೇಕು, ಎತ್ತಲಾರದ್ದನ್ನು ಉರುಳಿಸಬೇಕು. ನಾಚಿಕೆಪಟ್ಟು ಒಬ್ಬರೇ ಎತ್ತಹೋದವರು ಸಂಜೆಗೆ ಸೊಂಟ ಹಿಡಿದು ಮಲಗಿದರು.

ಕಟ್ಟುವ ನಿಯಮಗಳು ಕೇಳುವುದಕ್ಕೆ ಸುಲಭ. ಒಂದು ಕಲ್ಲು ಕೆಳಗಿನ ಎರಡು ಕಲ್ಲುಗಳ ಮೇಲೆ ಕುಳಿತಿರಬೇಕು. ಸಂದಿನ ನೇರಕ್ಕೆ ಸಂದು ಬರಬಾರದು. ಕಲ್ಲಿನ ಉದ್ದವು ಗೋಡೆಯ ಒಳಕ್ಕೆ ಹೋಗಬೇಕೇ ಹೊರತು ಹೊರಗಿನ ಮುಖದ ಉದ್ದಕ್ಕೆ ಮಲಗಬಾರದು. ಎರಡು ಮುಖಗಳೂ ಮೇಲೆ ಹೋದಂತೆ ಒಳಕ್ಕೆ ಬಾಗಿಕೊಂಡು ಬರಬೇಕು. ನಡುವಿನ ಸಣ್ಣ ಕಲ್ಲುಗಳನ್ನು ಸಲಿಕೆಯಿಂದ ಸುರಿಯದೆ ಒಂದೊಂದಾಗಿ ಕೈಯಿಂದ ಇಡಬೇಕು. ಅಲ್ಲಲ್ಲಿ ಎರಡು ಮುಖಗಳನ್ನೂ ಹಿಡಿದು ಕಟ್ಟುವ ಉದ್ದನೆಯ ಕಲ್ಲನ್ನು ಅಡ್ಡಲಾಗಿ ಹಾಕಬೇಕು.

ಈ ನಿಯಮಗಳಲ್ಲಿ ಮೂರನೆಯದನ್ನು ನಾವು ಮೀರಿದೆವು. ಕಲ್ಲನ್ನು ಉದ್ದಕ್ಕೆ ಮಲಗಿಸಿದರೆ ಗೋಡೆಯ ಮುಖವು ನೋಡಲು ಅಂದವಾಗುವುದು, ಕೆಲಸವೂ ಬೇಗ ಸಾಗುವುದು. ನಾವೂ ಒಬ್ಬ ಇಟಲಿಯ ಹುಡುಗಿಯೂ ಸೇರಿ ಮೂರು ದಿನಗಳಲ್ಲಿ ಉಳಿದವರೆಲ್ಲರಿಗಿಂತಲೂ ಮುಂದೆ ಹೋಗಿದ್ದೆವು, ಒಳಗೊಳಗೆ ಹಿಗ್ಗಿದ್ದೆವು. ಆರನೆಯ ದಿನ ಮೇಸ್ತ್ರಿಯು ಬಂದು ನಮ್ಮ ಗೋಡೆಯನ್ನು ಸ್ವಲ್ಪ ಹೊತ್ತು ನೋಡಿ, ನಡುವಿನ ಒಂದು ಕಲ್ಲಿಗೆ ಕೈಯಿಟ್ಟು ಎಳೆದನು. ಅದು ಮೇಜಿನ ಸೆಳೆಪೆಟ್ಟಿಗೆಯಂತೆ ಹೊರಬಂತು. ಅವನು ಗದರಲಿಲ್ಲ. ಕಲ್ಲನ್ನು ನಮ್ಮ ಕೈಗೆ ಕೊಟ್ಟು, ಬುಡದವರೆಗೆ ಬಿಚ್ಚಿರೆಂದು ಸನ್ನೆ ಮಾಡಿ ಹೋದನು. ಶಿಕ್ಷಕ ತರಬೇತಿಯಲ್ಲಿ ಮೊದಲನೆಯ ದರ್ಜೆ ಪಡೆದು ಬಂದಿದ್ದ ನಮಗೆ ಆ ದಿನ ಮಧ್ಯಾಹ್ನದ ಊಟ ಸೇರಲಿಲ್ಲ. ತಪ್ಪನ್ನು ತೋರಿಸುವುದಕ್ಕೆ ಕೆಂಪು ಶಾಯಿಯೂ ದೊಡ್ಡ ದನಿಯೂ ಬೇಕಾಗಿಲ್ಲವೆಂಬುದನ್ನು ತರಬೇತಿ ಶಾಲೆಯಲ್ಲಿಯೂ ಹೇಳಿಕೊಟ್ಟಿದ್ದರು. ಅದು ನಿಜವಾಗಿ ತಿಳಿದದ್ದು ಆ ಬೆಟ್ಟದ ಮೇಲೆ.

ಹನ್ನೆರಡಕ್ಕೆ ಊಟ, ಗೋಡೆಯ ನೆರಳಿನಲ್ಲಿ. ಒಂದು ತಾಸು ವಿಶ್ರಾಂತಿ. ನಾಲ್ಕಕ್ಕೆ ಕೆಲಸ ಮುಗಿಯುವುದು. ಮಳೆ ಬಂದರೆ ಕಲ್ಲು ಜಾರುವುದರಿಂದ ಕೆಲಸವನ್ನು ನಿಲ್ಲಿಸಿ, ಸಲಕರಣೆಗಳನ್ನು ಉಜ್ಜಿ ಎಣ್ಣೆ ಹಚ್ಚುತ್ತಿದ್ದೆವು. ದಪ್ಪ ಚರ್ಮದ ಕೈಗವಸು, ಬೆರಳಿಗೆ ಕಬ್ಬಿಣದ ರಕ್ಷೆಯಿರುವ ಬೂಟು, ಕಲ್ಲು ಒಡೆಯುವಾಗ ಕನ್ನಡಕ ಇವು ಕಡ್ಡಾಯ. ಒಂದು ದಿನ ಸೆಖೆಯೆಂದು ಕೈಗವಸನ್ನು ತೆಗೆದದ್ದರ ಗುರುತು ನಮ್ಮ ಎಡಗೈಯ ಉಗುರಿನಲ್ಲಿ ಈಗಲೂ ಇದೆ.

ಅಡಿಗೆಯ ವಿಷಯದಲ್ಲಿ ನಮ್ಮ ಓದುಗರಾದ ತಾಯಂದಿರಿಗೆ ಕುತೂಹಲವಿರುವುದು ಸಹಜ. ಪ್ರತಿದಿನ ಇಬ್ಬರು ಕಲ್ಲಿನ ಕೆಲಸಕ್ಕೆ ಹೋಗದೆ ಬಿಡಾರದಲ್ಲಿದ್ದು ಅಡಿಗೆ, ಗುಡಿಸುವಿಕೆ, ನೀರಿನ ಲೆಕ್ಕ ಇವನ್ನು ನೋಡಿಕೊಳ್ಳಬೇಕು. ಸರದಿಯಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ಸಾರು, ಆಲೂಗಡ್ಡೆ, ಇಟಲಿಯವರ ದಿನ ಮುಸುಕಿನ ಜೋಳದ ಗಂಜಿ, ಕೊರಿಯಾದವರ ದಿನ ಕಾರವಾದ ಎಲೆಕೋಸು. ನಮ್ಮ ಸರದಿಯಲ್ಲಿ ಅನ್ನಕ್ಕೆ ಬೇಳೆಸಾರು ಮಾಡಿದೆವು. ಮೆಣಸಿನ ಪುಡಿಯನ್ನು ಊರಿನ ಅಳತೆಯಲ್ಲಿ ಹಾಕಿದ್ದರಿಂದ ಆ ದಿನ ನೀರಿನ ಲೆಕ್ಕವೆಲ್ಲ ತಪ್ಪಿಹೋಯಿತು. ಹದಿನಾಲ್ಕು ಜನರಿಗೆ ಬೇಯಿಸುವುದು ಕಲ್ಲು ಹೊರುವುದಕ್ಕಿಂತ ಹಗುರವಲ್ಲವೆಂದು, ಅದುವರೆಗೆ ಅಡಿಗೆಮನೆಯನ್ನೇ ನೋಡದಿದ್ದ ಜರ್ಮನ್ ತರುಣನೊಬ್ಬನು ಒಪ್ಪಿಕೊಂಡನು.

ಇದು ಮೊದಲಿನಿಂದಲೂ ಹೀಗಿರಲಿಲ್ಲ. ಸೆರೆಸೋಲರ ಕಾಲದ ಶಿಬಿರಗಳಿಗೆ ಬಂದ ಸ್ತ್ರೀಯರನ್ನು 'ಸಹೋದರಿಯರು' ಎಂದು ಕರೆಯುತ್ತಿದ್ದರು. ಗುದ್ದಲಿಯು ಗಂಡಸರ ಪಾಲು. ಅಡಿಗೆ, ಒಗೆತ, ಹರಿದ ಬಟ್ಟೆಯ ಹೊಲಿಗೆ ಸಹೋದರಿಯರ ಪಾಲು. ಲಿಖ್ಟೆನ್‌ಸ್ಟೈನಿನ ಚಿತ್ರಗಳಲ್ಲಿ ಕಾಣುವವರು ಹೆಚ್ಚಾಗಿ ಗುದ್ದಲಿ ಹಿಡಿದವರೇ. ಅಷ್ಟು ಜನರಿಗೆ ತಿಂಗಳುಗಟ್ಟಲೆ ಅಡಿಗೆ ಮಾಡಿದವರ ಹೆಸರುಗಳನ್ನು ಹುಡುಕಿದರೂ ದೊರಕುವುದು ಕಷ್ಟ. ನಮ್ಮ ಹುಡುಗಿಯರು ಶಿಬಿರಕ್ಕೆ ಹೋದಾಗ ಹಾರೆಯನ್ನೂ ಕೇಳಿ ಪಡೆಯಲಿ, ಸೌಟನ್ನೂ ಹಿಡಿಯಲಿ. ಒಂದಕ್ಕಾಗಿ ಇನ್ನೊಂದನ್ನು ಕೀಳೆಂದು ಬಿಡುವುದು ಬೇಡ.

ಸಂಜೆಗಳು ದೀರ್ಘವಾಗಿದ್ದವು; ಬೇಸಗೆಯಲ್ಲಿ ಅಲ್ಲಿ ಒಂಬತ್ತು ಗಂಟೆಯವರೆಗೂ ಬೆಳಕು. ಯಾರೋ ಹಾಡುವರು, ಯಾರೋ ಕಾಗದ ಬರೆಯುವರು. ಜಗಳಗಳೂ ಇದ್ದವು, ಹೆಚ್ಚಾಗಿ ಪಾತ್ರೆ ತೊಳೆಯುವ ವಿಷಯದಲ್ಲಿ. ಆದಿತ್ಯವಾರಗಳಲ್ಲಿ ಹಳ್ಳಿಯ ದೇವಾಲಯಕ್ಕೆ ಆರಾಧನೆಗೆ ಹೋಗುತ್ತಿದ್ದೆವು. ಮಾತು ತಿಳಿಯದಿದ್ದರೂ ಕೆಲವು ರಾಗಗಳು ನಮ್ಮ ಸಭೆಯವೇ. ಎರಡನೆಯ ಆದಿತ್ಯವಾರ, ಬಾಸೆಲ್ ಕಡೆಯಿಂದ ಮದುವೆಯಾಗಿ ಬಂದ ಮುದುಕಿಯೊಬ್ಬರು ನಮ್ಮ ಊರನ್ನು ವಿಚಾರಿಸಿ, ಮಂಗಳೂರೆಂಬ ಹೆಸರು ಕೇಳಿದೊಡನೆ ನಮ್ಮ ಎರಡೂ ಕೈಗಳನ್ನು ಹಿಡಿದುಕೊಂಡರು. ತಮ್ಮ ಅಜ್ಜಿಯ ಮನೆಯಲ್ಲಿ ಮಿಶನಿಗಾಗಿ ವಾರವಾರವೂ ಸಣ್ಣ ನಾಣ್ಯ ಎತ್ತಿಡುವ ಪದ್ಧತಿಯಿತ್ತೆಂದು ಹೇಳಿದರು. ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದದ್ದು ೧೮೩೪ರಲ್ಲಿ. ೧೮೫೫ರಲ್ಲಿ 'ಅರ್ಧ ಬಾಟ್ಸೆನ್' ವಂತಿಗೆಯೆಂದು ವಾರಕ್ಕೊಂದು ಚಿಲ್ಲರೆ ಕಾಸು ಕೂಡಿಸುವ ಏರ್ಪಾಡಾಯಿತು. ಬಾಟ್ಸೆನ್ ಎಂಬುದು ಆ ಕಾಲದ ಸಣ್ಣ ನಾಣ್ಯ. ಹಳ್ಳಿಯ ಒಕ್ಕಲಿಗರೂ ಕೂಲಿಯವರೂ ಕೊಡಬಹುದಾದಷ್ಟೇ ಅದರ ಬೆಲೆ. ನಮ್ಮ ನಾಡಿನ ಮಿಶನ್ ಶಾಲೆಗಳ ಹಿಂದೆ ಎಷ್ಟು ಅಡಿಗೆಮನೆಗಳ ಉಳಿತಾಯವಿದೆಯೋ ಎಂದು ಆ ದಿನ ಮೊದಲ ಸಲ ಆಲೋಚಿಸಿದೆವು.

ಮೂರು ವಾರಗಳಲ್ಲಿ ಹದಿನಾಲ್ಕು ಜನರು ಕಟ್ಟಿದ ಗೋಡೆಯ ಉದ್ದ ಮೂವತ್ತೆರಡು ಮೀಟರ್. ಪಳಗಿದ ಇಬ್ಬರು ಕಲ್ಲುಕೆಲಸದವರಾಗಿದ್ದರೆ ಅಷ್ಟೇ ದಿನಗಳಲ್ಲಿ ಅಷ್ಟನ್ನೇ ಕಟ್ಟುತ್ತಿದ್ದರೆಂದು ಮೇಸ್ತ್ರಿಯು ಕೊನೆಯ ದಿನ ನಗುತ್ತ ಹೇಳಿದನು. ಅವರಿಗೆ ಕೊಡತಕ್ಕ ಕೂಲಿಯು ಆ ಹುಲ್ಲುಗಾವಲಿನ ಒಡೆಯರಿಗೆ ಹುಟ್ಟುವಂತಿರಲಿಲ್ಲ, ಆದುದರಿಂದ ನಾವು ಬೇಕಾದೆವು. ಇಷ್ಟೇ ನಿಜ. ನಮ್ಮ ವಿಮಾನದ ಹಣವನ್ನು ಅವರ ಕೈಗೆ ಕೊಟ್ಟಿದ್ದರೆ ಇನ್ನೂ ಹತ್ತಾರು ಮೀಟರ್ ಗೋಡೆ ಏಳುತ್ತಿತ್ತೇನೋ. ಈ ಲೆಕ್ಕವನ್ನು ಮುಚ್ಚಿಟ್ಟು ಸ್ವಯಂಸೇವೆಯನ್ನು ಹೊಗಳುವುದು ನಮ್ಮಿಂದಾಗದು.

ಇದೇ ಲೆಕ್ಕವನ್ನು ನಮ್ಮ ದೇಶದ ಕಡೆಯಿಂದಲೂ ನೋಡಬಹುದು. ೧೯೩೪ರ ಜನವರಿ ೧೫ರಂದು ಬಿಹಾರದಲ್ಲಿಯೂ ನೇಪಾಳದಲ್ಲಿಯೂ ಭೂಕಂಪವಾಗಿ ಹತ್ತು ಸಾವಿರಕ್ಕೂ ಮೇಲ್ಪಟ್ಟ ಜನರು ಸತ್ತರು. ನೆಲವು ಬಾಯ್ದೆರೆದು ನೀರನ್ನೂ ಮರಳನ್ನೂ ಕಾರಿ ಹೊಲಗಳನ್ನು ಮುಚ್ಚಿತು; ನೆಲದ ಮಟ್ಟವೇ ಬದಲಾದುದರಿಂದ ಕೆಲವು ಹಳ್ಳಿಗಳಿಗೆ ಪ್ರವಾಹದ ಭಯವು ಹೆಚ್ಚಾಯಿತು. ಆಗ ಸೆರೆಸೋಲರು ಇಲ್ಲಿಗೆ ಬಂದರು. ಪರಿಹಾರದ ಕಾರ್ಯವನ್ನು ನಡೆಸುತ್ತಿದ್ದ ರಾಜೇಂದ್ರಪ್ರಸಾದರನ್ನೂ ಸರಕಾರದವರನ್ನೂ ಕಂಡು ಮಾತಾಡಿ, ಯುರೋಪಿಗೆ ಮರಳಿ, ಬಳಿಕ ಕೆಲವೇ ಸಂಗಡಿಗರೊಡನೆ ೧೯೩೭ರವರೆಗೆ ಮುಜಫರಪುರದ ಸೀಮೆಯಲ್ಲಿ, ಹಳ್ಳಿಗಳನ್ನು ಎತ್ತರದ ನೆಲಕ್ಕೆ ಸಾಗಿಸಿ ಕಟ್ಟುವ ಕೆಲಸದಲ್ಲಿ ತೊಡಗಿದರು. ಹೊಸದಾಗಿ ಕಟ್ಟಿದ ಹಳ್ಳಿಯೊಂದಕ್ಕೆ ಶಾಂತಿಪುರವೆಂದು ಹೆಸರಾಯಿತು. ಮಣ್ಣು ಹೊರುವ ಕೈಗಳಿಗೆ ಬಿಹಾರದಲ್ಲಿ ಕೊರತೆಯಿತ್ತೇ? ಇರಲಿಲ್ಲ. ಆದರೂ ಬಿಳಿಯರ ಆಳ್ವಿಕೆಯ ಕಾಲದಲ್ಲಿ ಬಿಳಿಯರೇ ಕೆಲವರು ಆಜ್ಞೆ ಮಾಡದೆ ಹಳ್ಳಿಯವರ ಜೊತೆಯಲ್ಲಿ ಗುದ್ದಲಿ ಹಿಡಿದರೆಂಬುದನ್ನು ಮಣ್ಣಿನ ಅಳತೆಯಿಂದ ಲೆಕ್ಕಹಾಕುವಂತಿಲ್ಲ. ಎಸ್ನ್ ಹಳ್ಳಿಯಲ್ಲಿ ಪೆಟ್ಟು ತಿಂದಿದ್ದ ಸೆರೆಸೋಲರು ಇಲ್ಲಿ ಮೊದಲು ಬಂದು ಕೇಳಿ, ಆಮೇಲೆ ಸಲಕರಣೆ ಎತ್ತಿದರೆಂಬುದೂ ಗಮನಿಸತಕ್ಕದ್ದು.

ನಾವು ಊರಿಗೆ ಮರಳಿದ ವರ್ಷ, ನಾವು ಆಗ ಕೆಲಸ ಮಾಡುತ್ತಿದ್ದ ಶಾಲೆಯ ಆವರಣದಲ್ಲಿ ಹೊಸ ಕಟ್ಟಡವೊಂದು ಏಳುತ್ತಿತ್ತು. ಬಡಗಣ ಕರ್ನಾಟಕದಿಂದ ಬಂದ ಹೆಂಗಸರು ಕಾಂಕ್ರೀಟಿನ ಬಾಣಲೆಗಳನ್ನು ತಲೆಯಮೇಲೆ ಹೊತ್ತು ಏಣಿ ಹತ್ತುತ್ತಿದ್ದರು. ಹೋಗುವ ಮುಂಚೆಯೂ ಅವರು ಅಲ್ಲಿದ್ದರು. ದಿನವೂ ಅವರ ಪಕ್ಕದಿಂದ ಹಾದು ತರಗತಿಗೆ ಹೋಗುತ್ತಿದ್ದೆವು, ಒಬ್ಬಳ ಮುಖವನ್ನಾದರೂ ನೋಡಿದ ನೆನಪಿಲ್ಲ. ಸಮುದ್ರ ದಾಟಿ ಹೋಗಿ ಕಲ್ಲು ಹೊತ್ತ ಮೇಲೆ ಮಾತ್ರ, ಒಬ್ಬಳು ಬಾಣಲೆಯನ್ನು ಎತ್ತುವಾಗ ಮೊಣಕಾಲು ಮಡಿಸುವ ರೀತಿಯು ನಮ್ಮ ಕಣ್ಣಿಗೆ ಬಿತ್ತು. ನಾಚಿಕೆಯ ಸಂಗತಿ, ಆದರೂ ಬರೆಯುತ್ತಿದ್ದೇವೆ. ಒಂದು ಸಂಜೆ ಅವಳ ಬಳಿಗೆ ಹೋಗಿ, ನಾವೂ ಒಂದು ಬಾಣಲೆ ಎತ್ತಿಕೊಡಲೇ ಎಂದು ಕೇಳಿದೆವು. ತಲೆಯ ಮೇಲಿನ ಸಿಂಬೆಯನ್ನು ಸರಿಮಾಡಿಕೊಳ್ಳುತ್ತ ಅವಳು ನಕ್ಕು, "ಅಕ್ಕಾರ, ಇದು ನಮಗ ಬರತೈತ್ರಿ. ನಿಮಗ ಬರೋದು ನೀವು ಮಾಡ್ರಿ. ನಮ್ಮ ಹುಡುಗರು ದಿನಾ ಮರಳಾಗ ಆಡಕೋತ ಕುಂದರತಾವ, ನಾಲ್ಕು ಅಕ್ಷರ ಕಲಸ್ರಿ" ಎಂದಳು. ಆ ಕಟ್ಟಡ ಮುಗಿಯುವವರೆಗೆ, ಸುಮಾರು ನಾಲ್ಕು ತಿಂಗಳು, ಸಂಜೆ ಐದರಿಂದ ಆರರವರೆಗೆ ಹಳೆಯ ಕಟ್ಟಡದ ಜಗಲಿಯಲ್ಲಿ ಒಂಬತ್ತು ಮಕ್ಕಳಿಗೆ ಪಾಠ ನಡೆಯಿತು. ಬಳಿಕ ಅವರೆಲ್ಲ ಬೇರೆ ಊರಿನ ಬೇರೆ ಕಟ್ಟಡಕ್ಕೆ ಹೋದರು. ಇಬ್ಬರಿಗೆ ಓದಲು ಬಂದಿತ್ತು, ಉಳಿದವರಿಗೆ ಬಂದಿರಲಿಲ್ಲ.

ಮಕ್ಕಳನ್ನು ಕಳುಹಿಸಲು ಆಲೋಚಿಸುವ ತಂದೆತಾಯಿಗಳಿಗೆ ಕೆಲವು ಮಾತುಗಳನ್ನು ಹೇಳಿಬಿಡುವೆವು. ಸ್ವಯಂಸೇವೆಯ ಹೆಸರಿನಲ್ಲಿ ವ್ಯಾಪಾರ ನಡೆಸುವವರೂ ಇದ್ದಾರೆ. ದೊಡ್ಡ ಮೊತ್ತ ತೆಗೆದುಕೊಂಡು ಬಡದೇಶಗಳಿಗೆ ಕರೆದುಕೊಂಡು ಹೋಗಿ, ಇಟ್ಟಿಗೆಯನ್ನೇ ಕಾಣದವರಿಂದ ಶಾಲೆ ಕಟ್ಟಿಸುವುದೂ, ಅವರು ಹೋದಮೇಲೆ ಊರಿನ ಕೆಲಸಗಾರರು ಆ ಗೋಡೆಗಳನ್ನು ಮತ್ತೆ ಕಟ್ಟುವುದೂ ನಡೆದಿದೆ. ಆದುದರಿಂದ ಕಾಗದಕ್ಕೆ ರುಜು ಹಾಕುವ ಮೊದಲು ಕೇಳಿರಿ: ಈ ಕೆಲಸ ಬೇಕೆಂದು ಕೇಳಿದವರು ಯಾರು? ಊರಿನವರೇ, ಅಥವಾ ಕರೆದುಕೊಂಡು ಹೋಗುವವರೇ? ಕೆಲಸ ಕಲಿಸುವ ಮೇಸ್ತ್ರಿ ಸದಾ ಜೊತೆಯಲ್ಲಿರುವನೇ? ನಾವು ಹೋಗುವುದರಿಂದ ಅಲ್ಲಿಯ ಕೂಲಿಯವರ 'ಕೂಲಿ' ತಪ್ಪುವುದೇ? ಹೆಂಗಸರಿಗೆ ಪ್ರತ್ಯೇಕ ವಸತಿಯಿದೆಯೇ? ಹಣದ ಲೆಕ್ಕವನ್ನು ಬರೆದು ಕೊಡುವರೇ? ಒಳ್ಳೆಯ ಸಂಘಗಳು ಸಾಮಾನ್ಯವಾಗಿ ಊಟ ವಸತಿಯನ್ನು ಒದಗಿಸಿ, ಒಂದು ಮಿತವಾದ ಶುಲ್ಕವನ್ನು ಮಾತ್ರ ತೆಗೆದುಕೊಳ್ಳುತ್ತವೆ. ಪ್ರಯಾಣದ ವೆಚ್ಚ ನಮ್ಮದೇ. ಪರದೇಶದ ಶಿಬಿರಗಳಿಗೆ ಹದಿನೆಂಟು ವರ್ಷ ತುಂಬಿರುವುದು ವಾಡಿಕೆ. ಸ್ವಿಟ್ಜರ್ಲೆಂಡು ಮೊದಲಾದ ಷೆಂಗನ್ ದೇಶಗಳ ಅಲ್ಪಕಾಲದ ವೀಸಾಕ್ಕೆ ಮೂವತ್ತು ಸಾವಿರ ಯೂರೋಗಳಿಗೆ ಕಡಿಮೆಯಿಲ್ಲದ ವೈದ್ಯಕೀಯ ವಿಮೆ ಬೇಕು. ಕಲ್ಲಿನ ಕೆಲಸದಲ್ಲಾಗುವ ಅಪಘಾತವೂ ಅದರಲ್ಲಿ ಸೇರಿದೆಯೋ ಎಂಬುದನ್ನು ಓದಿ ನೋಡಿರಿ. ಯಾವ ಕೆಲಸವೆಂಬುದನ್ನು ವೀಸಾದವರಿಗೆ ನಿಜವಾಗಿ ತಿಳಿಸಿರಿ. ಪ್ರವಾಸಿಯೆಂದು ಸುಳ್ಳು ಬರೆಯಿರೆಂದು ಹೇಳುವ ಸಂಘವಿದ್ದರೆ ಅಲ್ಲಿಂದಲೇ ಎದ್ದು ಬನ್ನಿರಿ.

ಆ ತಂದೆಯವರನ್ನು ನಾವು ಮಳೆಗಾಲ ಮುಗಿದ ಮೇಲೆ ಮತ್ತೊಮ್ಮೆ ಬರಮಾಡಿಕೊಂಡು, ಇಲ್ಲಿ ಬರೆದಿರುವುದನ್ನೆಲ್ಲ, ಮೂವತ್ತೆರಡು ಮೀಟರಿನ ಲೆಕ್ಕವನ್ನೂ ಬಿಡದೆ, ಹೇಳಿದೆವು. ಅವರ ತಾಯಿಯವರು ಹೊತ್ತ ಮಣ್ಣಿಗೂ ಮಗಳು ಹೊರಲಿರುವ ಕಲ್ಲಿಗೂ ಸಮವಿಲ್ಲವೆಂಬುದನ್ನೂ ಒಪ್ಪಿಕೊಂಡೆವು; ಒಬ್ಬರು ಬೇಡವೆಂದರೂ ಬಿಡುವಂತಿರಲಿಲ್ಲ, ಇನ್ನೊಬ್ಬಳು ಬೇಕೆಂದಾಗ ಬಿಟ್ಟು ಬರಬಹುದು. ಹೊರಡುವ ಮೊದಲು ಅಜ್ಜಿಯ ಬಳಿ ಕುಳಿತು ಆ ಇಪ್ಪತ್ತು ವರ್ಷಗಳ ಕಥೆಯನ್ನು ಕೇಳಿ ಬರೆದುಕೊಂಡು ಬರಬೇಕೆಂದು ಹುಡುಗಿಗೆ ಹೇಳಿದೆವು. ಅವಳು ಬರೆದು ತಂದಳು, ಹನ್ನೊಂದು ಪುಟ. ಬಾಣಲೆಯನ್ನು ಹೇಗೆ ಎತ್ತಬೇಕೆಂಬುದನ್ನು ಅಜ್ಜಿಯು ಎದ್ದು ನಿಂತು ತೋರಿಸಿಕೊಟ್ಟರಂತೆ.

ನಡತೆಯ ಪತ್ರಕ್ಕೆ ರುಜು ಮಾಡಿ ಕೊಟ್ಟಿದ್ದೇವೆ. ಈಚೆಗೆ ತಂದೆಯವರು ದೂರವಾಣಿಯಲ್ಲಿ ಮಾತಾಡಿ, ಚರ್ಮದ ಕೈಗವಸು ಪೇಟೆಯಲ್ಲಿ ಹೆಂಗಸರ ಅಳತೆಗೆ ದೊರಕುತ್ತಿಲ್ಲ, ಎಲ್ಲಿ ಸಿಗುವುದೆಂದು ವಿಚಾರಿಸಿದರು.